ಅಕ್ಷರ ಹಿಡಿದು ಹಾಡು ಆರಿಸಿ: ಮನೆಯ ಕರೋಕೆ ಸಂಜೆಗೆ ಚೀಟಿಯ ದಾರಿ

ಬಾಗಲಕೋಟೆಯ ನವನಗರದಲ್ಲಿ ಈಗ ಗೃಹಪ್ರವೇಶ ಇರಲಿ, ಕುಬಸ ಇರಲಿ, ತೊಟ್ಟಿಲ ಕಾರ್ಯಕ್ರಮ ಇರಲಿ, ಸಂಜೆ ಹೊತ್ತಿಗೆ ಒಂದು ಟ್ರಾಲಿ ಸ್ಪೀಕರು, ಎರಡು ಮೈಕು ಬಂದೇ ಬರುತ್ತವೆ. ಮಹಡಿಯ ಮೇಲೆ ಜಮಖಾನೆ ಹಾಸುತ್ತಾರೆ. ಗಿರಮಿಟ್ಟು, ಮಿರ್ಚಿ ಭಜಿ, ಚಹಾ ಬರುತ್ತವೆ. ಹಾಡು ಶುರುವಾಗುತ್ತದೆ. ಅರ್ಧ ಗಂಟೆಯೊಳಗೆ ಮೈಕು ಇಬ್ಬರು ಮೂವರ ಕೈಯಲ್ಲೇ ಸುತ್ತತೊಡಗುತ್ತದೆ. ಅವರು ಹಾಡುವುದೂ ಹೋದ ಸಲ ಹಾಡಿದ ಹಾಡುಗಳನ್ನೇ. ಉಳಿದವರನ್ನು ಕೇಳಿದರೆ "ನನಗ ಯಾವ ಹಾಡೂ ನೆನಪಾಗವಲ್ದು" ಅನ್ನುತ್ತಾರೆ. ಅವರಿಗೆ ಹಾಡು ಬರುವುದಿಲ್ಲ ಅಂತಲ್ಲ. ಸಾವಿರ ಹಾಡು ಕೇಳಿದವರಿಗೆ "ಯಾವುದಾದರೂ ಒಂದು ಹೇಳ್ರಿ" ಅಂದರೆ ತಲೆ ಖಾಲಿಯಾಗುವುದು ಸಹಜ. ಅವರನ್ನೇ "ಮ ಇಂದ ಒಂದು ಹಾಡು ಹೇಳ್ರಿ" ಅಂತ ಕೇಳಿ ನೋಡಿ. ಎರಡು ನಿಮಿಷದಲ್ಲಿ ನಾಲ್ಕು ಹಾಡು ಬರುತ್ತವೆ.

ಅದಕ್ಕೇ ನಾನು ಚೀಟಿಯ ಪದ್ಧತಿಯನ್ನು ಎಲ್ಲರಿಗೂ ಹೇಳುತ್ತೇನೆ. ಒಂದು ಡಬ್ಬಿಯಲ್ಲಿ ಅಕ್ಷರದ ಚೀಟಿಗಳು. ಬಂದ ಅಕ್ಷರದಿಂದ ಶುರುವಾಗುವ ಹಾಡನ್ನು ಆರಿಸಿ ಹಾಡಬೇಕು, ಅಷ್ಟೇ. ಅಂತ್ಯಾಕ್ಷರಿ ಆಡಿ ಬೆಳೆದ ನಮಗೆ ಇದು ಹೊಸದೇನೂ ಅಲ್ಲ. ಆದರೆ ಅಂತ್ಯಾಕ್ಷರಿಯಲ್ಲಿ ಎರಡು ಸಾಲು ಹೇಳಿದರೆ ಮುಗಿಯಿತು. ಕರೋಕೆಯಲ್ಲಿ ಇಡೀ ಹಾಡು ಹಾಡಬೇಕು, ಅದರ ಟ್ರ್ಯಾಕ್, ಅಂದರೆ ಗಾಯಕರ ದನಿ ಇಲ್ಲದ ಬರೀ ಸಂಗೀತ, ಸಿಗಬೇಕು, ಶ್ರುತಿ ಹೊಂದಬೇಕು. ಹಾಗಾಗಿ ಸ್ವಲ್ಪ ತಯಾರಿ ಬೇಕಾಗುತ್ತದೆ.

ಮೊದಲು ನಿಯಮ ಹೇಳಿಬಿಡಿ

ಜಗಳ ಬರುವುದು ಒಂದೇ ವಿಷಯಕ್ಕೆ: ಹಾಡಿನ ಮೊದಲ ಅಕ್ಷರ ಯಾವುದು? ನಿಸಾರ್ ಅಹಮದ್ ಅವರ ಹಾಡನ್ನು ಎಲ್ಲರೂ "ನಿತ್ಯೋತ್ಸವ" ಅನ್ನುತ್ತಾರೆ. ಹಾಡು ಶುರುವಾಗುವುದು "ಜೋಗದ ಸಿರಿ ಬೆಳಕಿನಲ್ಲಿ" ಅಂತ. ಅದು ನ ಗೆ ಸೇರಬೇಕೋ, ಜ ಗೆ ಸೇರಬೇಕೋ? ಹಾಗೆಯೇ "ಎಮ್ಮೆ ಹಾಡು" ಅಂದರೆ ಮಕ್ಕಳಿಗೂ ಗೊತ್ತು. ಆದರೆ ಅದರ ಮೊದಲ ಸಾಲು "ಯಾರೇ ಕೂಗಾಡಲಿ".

ನನ್ನ ಅಭಿಪ್ರಾಯ ಖಚಿತ: ಪಲ್ಲವಿಯ ಮೊದಲ ಸಾಲೇ ಲೆಕ್ಕ. ಕನ್ನಡದ ಹಾಡುಗಳಿಗೆ ಬೇರೆ ಹೆಸರು ಇರುವುದೇ ಅಪರೂಪ, ಮೊದಲ ಸಾಲೇ ಹೆಸರು. ಕವಿತೆಗಳಿಗೆ ಮಾತ್ರ ಶೀರ್ಷಿಕೆ ಇರುತ್ತದೆ. ಹಾಡಲು ಕೂತಾಗ ಬಾಯಿಂದ ಮೊದಲು ಬರುವ ಪದವನ್ನೇ ಹಿಡಿಯುವುದು ನ್ಯಾಯ. ಪಲ್ಲವಿಗೆ ಮೊದಲು ಬರುವ ಆಲಾಪ, "ಲಾ ಲಾ", "ಹೇ ಹೇ" ಲೆಕ್ಕಕ್ಕಿಲ್ಲ.

ಕಾಗುಣಿತ ನೋಡಬೇಡಿ. ಕ ಬಂದರೆ ಕಾ, ಕಿ, ಕೋ ಎಲ್ಲ ನಡೆಯುತ್ತದೆ. ಶ, ಷ, ಸ ಮೂರನ್ನೂ ಒಂದೇ ಚೀಟಿಗೆ ಹಾಕಬಹುದು. ಖ, ಘ, ಛ, ಝ, ಥ, ಧ, ಫ ಗಳನ್ನು ಅವುಗಳ ಅಲ್ಪಪ್ರಾಣದ ಜೊತೆಗೇ ಸೇರಿಸಿ. ಭ ಒಂದನ್ನು ಬೇಕಾದರೆ ಬೇರೆ ಇಡಿ. ಪುರಂದರದಾಸರ "ಭಾಗ್ಯದ ಲಕ್ಷ್ಮೀ ಬಾರಮ್ಮ" ಇರುವವರೆಗೆ ಆ ಚೀಟಿಗೆ ಚಿಂತೆಯಿಲ್ಲ. ಣ ಮತ್ತು ಳ ಇಂದ ಶುರುವಾಗುವ ಹಾಡು ಸಿಗುವುದಿಲ್ಲ, ಅವುಗಳ ಚೀಟಿಯನ್ನೇ ಬರೆಯಬೇಡಿ.

ಸ್ವರಗಳ ವಿಷಯದಲ್ಲಿ ಮಾತ್ರ ನಾನು ಬಿಗಿ. ಅ ಬೇರೆ, ಆ ಬೇರೆ. ಇ ಬೇರೆ, ಈ ಬೇರೆ. ಎರಡಕ್ಕೂ ಸಾಕಷ್ಟು ಹಾಡುಗಳಿವೆ. ಒಂದೇ ಮಾಡಿದರೆ ಒಳ್ಳೆಯ ಹಾಡುಗಳು ಹೊರಗೆ ಬರುವುದೇ ಇಲ್ಲ.

ಚೀಟಿ ಬರೆಯುವುದು

ಅ, ಆ, ಇ, ಈ, ಎ, ಏ, ಒ, ಓ. ಆಮೇಲೆ ಕ, ಗ, ಚ, ಜ, ತ, ದ, ನ, ಪ, ಬ, ಭ, ಮ, ಯ, ರ, ಲ, ವ, ಸ, ಹ. ಇವಿಷ್ಟು ದೊಡ್ಡ ಡಬ್ಬಿಗೆ. ನ, ಬ, ಮ, ಹ, ಕ ಗಳಿಗೆ ಎರಡೆರಡು ಚೀಟಿ ಬರೆಯಿರಿ, ಅವುಗಳಲ್ಲಿ ಹಾಡು ಜಾಸ್ತಿ. ಉ, ಊ, ಟ, ಡ ಇಂಥವನ್ನು ಸಣ್ಣ ಡಬ್ಬಿಯಲ್ಲಿ ಬೇರೆ ಇಡಿ. ದಿನಾ ಹಾಡುವವರು ಅದರಿಂದಲೇ ಎತ್ತಬೇಕು. ಮೊದಲ ಸಲ ಮೈಕು ಹಿಡಿಯುವವರಿಗೆ ಊ ಬಂದರೆ ಅವರು ಮತ್ತೆ ಮೈಕಿನ ಹತ್ತಿರ ಸುಳಿಯುವುದಿಲ್ಲ.

ಪಟ್ಟಿ: ಇದಕ್ಕೇ ಹೆಚ್ಚು ಸಮಯ ಕೊಡಿ

ಚೀಟಿ ಎತ್ತಿದ ಮೇಲೆ ಹುಡುಕುತ್ತ ಕೂತರೆ ಸಂಜೆ ಕೈತಪ್ಪುತ್ತದೆ. ಒಂದು ವಾರ ಮೊದಲೇ ಪ್ರತಿ ಅಕ್ಷರಕ್ಕೂ ಐದಾರು ಹಾಡಿನ ಪಟ್ಟಿ ಮಾಡಿಟ್ಟುಕೊಳ್ಳಿ. ಪ್ರತಿ ಅಕ್ಷರದಲ್ಲೂ ಒಂದು ಹಳೆಯದು, ಒಂದು ಹೊಸದು, ಒಂದು ಭಾವಗೀತೆ ಅಥವಾ ತತ್ವಪದ, ಒಂದು ಯುಗಳ ಗೀತೆ ಇದ್ದರೆ ಎಲ್ಲ ವಯಸ್ಸಿನವರಿಗೂ ಸಿಗುತ್ತದೆ. ನನಗೆ ಇಷ್ಟವಾದ ಕೆಲವನ್ನು ಹೇಳುತ್ತೇನೆ, ಉಳಿದದ್ದನ್ನು ನೀವು ತುಂಬಿಕೊಳ್ಳಿ.

ಅ ಬಂತು ಅಂದರೆ ಹುಡುಗರು "ಅನಿಸುತಿದೆ ಯಾಕೋ ಇಂದು" ಅನ್ನುತ್ತಾರೆ. 2006ರ ಮುಂಗಾರು ಮಳೆಯ ಹಾಡು, ಟ್ರ್ಯಾಕ್ ಸುಲಭವಾಗಿ ಸಿಗುತ್ತದೆ. ಆದರೆ ಅದೇ ಅಕ್ಷರಕ್ಕೆ ಅಕ್ಕಮಹಾದೇವಿಯ "ಅಕ್ಕ ಕೇಳವ್ವಾ" ಕೂಡ ಇದೆ ಅನ್ನುವುದನ್ನು ಪಟ್ಟಿಯಲ್ಲಿ ಬರೆಯಿರಿ. ನಮ್ಮ ಮನೆಗಳ ಹಿರಿಯ ಹೆಣ್ಣುಮಕ್ಕಳಿಗೆ ಅದು ಬಾಯಿಪಾಠ.

ಆ ಗೆ ಪಿ.ಬಿ. ಶ್ರೀನಿವಾಸ್ ಅವರ ಎರಡು ಹಾಡು ಸಾಕು. "ಆಡಿಸಿ ನೋಡು ಬೀಳಿಸಿ ನೋಡು" ಮತ್ತು "ಆಕಾಶವೇ ಬೀಳಲಿ ಮೇಲೆ". ಒಂದು ಕಸ್ತೂರಿ ನಿವಾಸದ್ದು, ಇನ್ನೊಂದು ನ್ಯಾಯವೇ ದೇವರು ಚಿತ್ರದ್ದು. ಎರಡೂ 1971ರವು. ಹೊಸಬರಿಗೆ ಶ್ರೀನಿವಾಸ್ ಅವರ ಹಾಡುಗಳನ್ನೇ ಮೊದಲು ಕೊಡಿ ಅನ್ನುತ್ತೇನೆ. ಅವರ ದನಿ ಮೆತ್ತಗೆ, ನಿಧಾನಕ್ಕೆ ಸಾಗುತ್ತದೆ. ಉಸಿರು ತೆಗೆದುಕೊಳ್ಳಲು ಜಾಗ ಸಿಗುತ್ತದೆ.

ಇ ಗೆ "ಇದೇ ನಾಡು ಇದೇ ಭಾಷೆ". ಈ ಗೆ "ಈ ಭೂಮಿ ಬಣ್ಣದ ಬುಗುರಿ". ಎರಡೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರವು. ಎರಡಕ್ಕೂ ಎಲ್ಲರೂ ದನಿಗೂಡಿಸುತ್ತಾರೆ.

ಎ ಗೆ ಬಂದಾಗ ನಮ್ಮ ಕಡೆಯ ಕವಿಯನ್ನು ಮರೆಯಬೇಡಿ. "ಎನಿತು ಇನಿದು ಈ ಕನ್ನಡ ನುಡಿಯು" ಬರೆದ ಆನಂದಕಂದರು ಗೋಕಾಕ ತಾಲೂಕಿನ ಬೆಟಗೇರಿಯವರು. ಇದು ಶಾಲೆಯಲ್ಲಿ ಕಲಿತ ಹಾಡು, ಮಕ್ಕಳೂ ಅಜ್ಜಂದಿರೂ ಒಟ್ಟಿಗೆ ಹಾಡಬಹುದು. ಜೋಡಿಗೆ "ಎಂದೆಂದೂ ನಿನ್ನನು ಮರೆತು" ಇದೆ. 1974ರ ಎರಡು ಕನಸು ಚಿತ್ರದ ಹಾಡು. ಹೊಸದು ಬೇಕು ಅನ್ನುವವರಿಗೆ ಮನಸಾರೆಯ "ಎಲ್ಲೋ ಮಳೆಯಾಗಿದೆಯೆಂದು". ಏ ಗೆ ಗಿರಿಕನ್ಯೆಯ "ಏನೆಂದು ನಾ ಹೇಳಲಿ". ಒ ಗೆ "ಒಂದು ಮಳೆಬಿಲ್ಲು". ಓ ಗೆ ಕುವೆಂಪು ಅವರ "ಓ ನನ್ನ ಚೇತನ".

ಕ ದಲ್ಲಿ "ಕಣ್ಣೀರ ಧಾರೆ" ಇದೆ, ಚೆನ್ನಾಗಿಯೇ ಇದೆ. ಆದರೆ ಸಂಜೆ ಮಂಕಾಗಿದ್ದರೆ ಶಿಶುನಾಳ ಶರೀಫರ "ಕೋಡಗನ ಕೋಳಿ ನುಂಗಿತ್ತ" ಎತ್ತಿಕೊಳ್ಳಿ. ಕುಳಿತವರೆಲ್ಲ ಕೋರಸ್ ಆಗುತ್ತಾರೆ. ತ ಗೂ ಶರೀಫರೇ ಇದ್ದಾರೆ, "ತರವಲ್ಲ ತಗಿ ನಿನ್ನ ತಂಬೂರಿ". ಗ ಗೆ "ಗೊಂಬೆ ಹೇಳುತೈತೆ", ಚ ಗೆ "ಚೆಲುವೆಯ ನೋಟ ಚೆನ್ನ", ಜ ಗೆ "ಜೀವ ವೀಣೆ", ದ ಗೆ "ದೋಣಿ ಸಾಗಲಿ", ಪ ಗೆ "ಪರವಶನಾದೆನು".

ನ, ಬ, ಮ ಗಳಲ್ಲಿ ಹಾಡಿಗೆ ಬರವಿಲ್ಲ. ನ ಗೆ "ನಾವಾಡುವ ನುಡಿಯೇ" ಮತ್ತು "ನಗುವಾ ನಯನಾ". ಬ ಗೆ "ಬಾರೆ ಬಾರೆ" ಇಂದ ಹಿಡಿದು "ಬೆಳಗೆದ್ದು ಯಾರ ಮುಖವ" ತನಕ. ಮ ಗೆ ಬೇಂದ್ರೆಯವರ "ಮೂಡಲ ಮನೆಯ", "ಮಿಂಚಾಗಿ ನೀನು ಬರಲು", "ಮಳೆ ನಿಂತು ಹೋದ ಮೇಲೆ". ಹಿಂದಿ ಹಾಡು ನಡೆಯುತ್ತದೆ ಅಂತ ಒಪ್ಪಿಕೊಂಡಿದ್ದರೆ ಮ ಗೆ ಇನ್ನೊಂದಿದೆ. 1944ರ ರತನ್ ಚಿತ್ರದ "ಮಿಲ್ ಕೆ ಬಿಛಡ್ ಗಯೀ ಅಖಿಯಾಂ". ಅದನ್ನು ಹಾಡಿದ ಅಮೀರಬಾಯಿ ಕರ್ನಾಟಕಿ ನಮ್ಮ ಬೀಳಗಿಯವರು. ಬಾಗಲಕೋಟೆಯಲ್ಲಿ ಹಾಡಲು ಕೂತು ಆ ಹೆಣ್ಣುಮಗಳ ಒಂದು ಹಾಡನ್ನೂ ನೆನೆಯದಿದ್ದರೆ ನನಗೆ ಮನಸ್ಸಿಗೆ ಸರಿಬರುವುದಿಲ್ಲ.

ಯ ಗೆ "ಯಾರೇ ಕೂಗಾಡಲಿ" ಬಿಟ್ಟು ಬೇರೆ ಯೋಚನೆಯೇ ಬೇಡ. 1974ರ ಸಂಪತ್ತಿಗೆ ಸವಾಲ್ ಚಿತ್ರದಲ್ಲಿ ಸ್ವತಃ ರಾಜ್‌ಕುಮಾರ್ ಹಾಡಿದ್ದು. ಆ ಸಿನಿಮಾಕ್ಕೆ ಮೂಲವಾದ ನಾಟಕ ಬರೆದ ಪಿ.ಬಿ. ಧುತ್ತರಗಿ ನಮ್ಮ ಬಾಗಲಕೋಟೆ ಜಿಲ್ಲೆಯವರೇ. ಈ ಮಾತನ್ನು ಹಾಡಿಗೆ ಮೊದಲು ಒಮ್ಮೆ ಹೇಳಿ ನೋಡಿ, ಹಾಡುವವರ ದನಿಯೇ ಬೇರೆಯಾಗುತ್ತದೆ. ತಗ್ಗಿನ ದನಿಯವರಿಗೆ ಯ ಬಂದರೆ ಅಡಿಗರ "ಯಾವ ಮೋಹನ ಮುರಳಿ" ಕೊಡಿ.

ರ ಗೆ "ರವಿವರ್ಮನ ಕುಂಚದ", ಲ ಗೆ ರಣಧೀರದ "ಲೋಕವೇ ಹೇಳಿದ ಮಾತಿದು". ವ ಬಂದರೆ ಬಸವಣ್ಣನವರ "ವಚನದಲ್ಲಿ ನಾಮಾಮೃತ ತುಂಬಿ". ಬಸವನ ಬಾಗೇವಾಡಿ ಒಂದು ಕಡೆ, ಕೂಡಲಸಂಗಮ ಇನ್ನೊಂದು ಕಡೆ ಇರುವ ನಮ್ಮ ಊರುಗಳಲ್ಲಿ ಇದನ್ನು ಹಾಡಬಲ್ಲವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಸಣ್ಣ ಡಬ್ಬಿಯ ಉ ಗೂ ಅವರದ್ದೇ "ಉಳ್ಳವರು ಶಿವಾಲಯವ ಮಾಡುವರು" ಇದೆ. ವಚನಗಳಿಗೆ ಕರೋಕೆ ಟ್ರ್ಯಾಕ್ ಸಿಗದಿದ್ದರೆ ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಅಷ್ಟೇ ಸಾಕು. ಪೇಟಿ (ಹಾರ್ಮೋನಿಯಂ) ಬಾರಿಸುವವರು ಇದ್ದರಂತೂ ಕೇಳುವುದೇ ಬೇಡ.

ಸ ಗೆ "ಸ್ನೇಹದ ಕಡಲಲ್ಲಿ" ಹಳಬರಿಗೆ, ಕಾಂತಾರದ "ಸಿಂಗಾರ ಸಿರಿಯೆ" ಹೊಸಬರಿಗೆ. ಅದೇ ಚೀಟಿಗೆ ಶ ಇಂದ ಬೇಕು ಅನ್ನುವವರಿಗೆ 1954ರ ಬೇಡರ ಕಣ್ಣಪ್ಪದ "ಶಿವಪ್ಪ ಕಾಯೋ ತಂದೆ". ಹ ಗೆ ಆಕಸ್ಮಿಕದ "ಹುಟ್ಟಿದರೆ ಕನ್ನಡ ನಾಡಲ್ಲಿ" ಎಲ್ಲರ ಬಾಯಲ್ಲಿದೆ. ಅದರ ಜೊತೆಗೆ ಬೆಳಗಾವಿ ಜಿಲ್ಲೆಯ ಡಿ.ಎಸ್. ಕರ್ಕಿಯವರ "ಹಚ್ಚೇವು ಕನ್ನಡದ ದೀಪ" ಬರೆದುಕೊಳ್ಳಿ. ಟ ಬಂದವರಿಗೆ "ಟಗರು ಬಂತು ಟಗರು" ಇದೆ.

ಉತ್ತರ ಕರ್ನಾಟಕದ ಹೊಸ ಜಾನಪದ ಹಾಡುಗಳ ಟ್ರ್ಯಾಕ್‌ಗಳೂ ಈಗ ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಹುಡುಗರು ಅವನ್ನೇ ಕೇಳುತ್ತಾರೆ. ಸೇರಿಸಿಕೊಳ್ಳಿ, ಆದರೆ ಮನೆಮಂದಿಯ ಮುಂದೆ ಹಾಡುವ ಮೊದಲು ಪೂರ್ತಿ ಸಾಹಿತ್ಯವನ್ನು ಒಮ್ಮೆ ಕೇಳಿಬಿಡಿ.

ಟ್ರ್ಯಾಕ್ ಹುಡುಕುವಾಗ ಇಂಗ್ಲಿಷ್ ಅಕ್ಷರ ನಂಬಬೇಡಿ

ಕರೋಕೆ ಆ್ಯಪ್‌ಗಳಲ್ಲಿ, ಯೂಟ್ಯೂಬ್‌ನಲ್ಲಿ ಹಾಡಿನ ಹೆಸರು ಬಹುಪಾಲು ಇಂಗ್ಲಿಷ್ ಲಿಪಿಯಲ್ಲೇ ಇರುತ್ತದೆ. ಅಲ್ಲಿಯ ಎ ಟು ಝಡ್ ಪಟ್ಟಿ ಹಿಡಿದು ಅಕ್ಷರದ ಆಟ ಆಡಲು ಹೋದರೆ ಎಲ್ಲ ಕಲಸಿಹೋಗುತ್ತದೆ. ಅ ಮತ್ತು ಆ ಎರಡೂ ಒಂದೇ ಅಕ್ಷರದಡಿ ಬರುತ್ತವೆ. "ಎಲ್ಲೋ" ಅನ್ನುವುದನ್ನು ಒಬ್ಬರು ಇಂಗ್ಲಿಷಿನ ಇ (E) ಇಂದ ಬರೆದಿರುತ್ತಾರೆ, ಇನ್ನೊಬ್ಬರು ವೈ (Y) ಹಾಕಿರುತ್ತಾರೆ. ಆಗ ಅದು ಯ ಹಾಡುಗಳ ನಡುವೆ ಕೂತಿರುತ್ತದೆ. ಕನ್ನಡದ "ಈ" ಗೆ ಇಂಗ್ಲಿಷಿನ ಎರಡು ಇ (EE) ಹಾಕುವುದರಿಂದ "ಈ ಭೂಮಿ" ಹೋಗಿ ಎ ಹಾಡುಗಳ ಪಕ್ಕ ನಿಲ್ಲುತ್ತದೆ. ಊ ಗೆ ಎರಡು ಓ (OO) ಹಾಕುವವರಿದ್ದಾರೆ, ಹಾಗಾಗಿ ಊ ಹಾಡುಗಳು ಒ ಹಾಡುಗಳ ಜೊತೆ ಇರುತ್ತವೆ. ತ, ದ ಗಳಿಗೆ ಎಚ್ ಸೇರಿಸುವುದು, ಬಿಡುವುದು ಬರೆದವರ ಇಷ್ಟ. ವ ಗೆ ವಿ, ಡಬ್ಲ್ಯೂ ಎರಡೂ ಉಂಟು.

ಅದಕ್ಕೆ ಮೂರು ಥರ ಹುಡುಕಿ. ಮೊದಲು ಕನ್ನಡ ಲಿಪಿಯಲ್ಲಿ ಮೊದಲ ಸಾಲಿನ ಮೂರು ಪದ ಹಾಕಿ, ಮುಂದೆ "ಕರೋಕೆ" ಅಂತ ಸೇರಿಸಿ. ಸಿಗದಿದ್ದರೆ ಇಂಗ್ಲಿಷ್ ಲಿಪಿಯಲ್ಲಿ, ಎರಡು ಬೇರೆ ಸ್ಪೆಲ್ಲಿಂಗ್‌ನಲ್ಲಿ. ಅದೂ ಆಗದಿದ್ದರೆ ಸಿನಿಮಾದ ಹೆಸರು ಮತ್ತು ಗಾಯಕರ ಹೆಸರು. ಎಷ್ಟೋ ವಿಡಿಯೋಗಳ ಹೆಸರು ಸಿನಿಮಾದಿಂದಲೇ ಶುರುವಾಗುತ್ತದೆ, ಹಾಡಿನ ಹೆಸರು ಕೊನೆಗಿರುತ್ತದೆ.

ನಿಮ್ಮ ಪಟ್ಟಿಯನ್ನು ಮಾತ್ರ ಕನ್ನಡ ಲಿಪಿಯಲ್ಲೇ ಬರೆಯಿರಿ, ಪ್ರತಿ ಸಾಲಿನ ಮುಂದೆ ಲಿಂಕ್ ಅಂಟಿಸಿ. ಗೂಗಲ್ ಶೀಟ್ಸ್‌ನಲ್ಲಿ ಬರೆದರೆ ವರ್ಣಮಾಲೆಯ ಕ್ರಮದಲ್ಲಿ ತಾನೇ ಜೋಡಿಸಿಕೊಡುತ್ತದೆ. ಒತ್ತಕ್ಷರದಿಂದ ಶುರುವಾಗುವ "ಸ್ನೇಹದ" ಥರದವು ಆಯಾ ಅಕ್ಷರದ ಕೊನೆಗೆ ಹೋಗಿರುತ್ತವೆ, ಅಲ್ಲಿ ನೋಡಿ.

ಸಿಕ್ಕ ಟ್ರ್ಯಾಕನ್ನು ಕೊನೆಯವರೆಗೆ ಕೇಳಿ. ಕೆಲವು ಒಂದೇ ಚರಣಕ್ಕೆ ನಿಂತುಬಿಡುತ್ತವೆ. ಕೆಲವುದರಲ್ಲಿ ಮೂಲ ಗಾಯಕರ ದನಿ ಅರ್ಧಂಬರ್ಧ ಉಳಿದಿರುತ್ತದೆ. ಪರದೆಯ ಮೇಲಿನ ಸಾಹಿತ್ಯದಲ್ಲಿ ತಪ್ಪುಗಳೂ ಸಾಕಷ್ಟು. ಭಾವಗೀತೆಗಳ ಸಾಹಿತ್ಯವನ್ನು ಪುಸ್ತಕ ನೋಡಿ ದಪ್ಪ ಅಕ್ಷರದಲ್ಲಿ ಬರೆದಿಡಿ. ಸಂಜೆ ಬೆಳಕಿನಲ್ಲಿ ಹಿರಿಯರಿಗೆ ಫೋನಿನ ಸಣ್ಣ ಅಕ್ಷರ ಕಾಣುವುದಿಲ್ಲ.

ಅಕ್ಷರ ಹೊಂದಿದರೆ ಸಾಲದು, ಶ್ರುತಿ ಹೊಂದಬೇಕು

ಹಾಡು ಆರಿಸುವಾಗ ಪಲ್ಲವಿಯನ್ನು ಗುನುಗಿ ನೋಡಿ ಸಾಕು ಅಂದುಕೊಳ್ಳುತ್ತಾರೆ. ಪಲ್ಲವಿ ಸಾಮಾನ್ಯವಾಗಿ ನಡುವಿನ ಸ್ವರಗಳಲ್ಲಿ ಇರುತ್ತದೆ. ತೊಂದರೆ ಬರುವುದು ಚರಣದಲ್ಲಿ, ಮೇಲಕ್ಕೆ ಏರುವ ಸಾಲಿನಲ್ಲಿ. ಆ ಸಾಲನ್ನೇ ಮೊದಲು ಹಾಡಿ ನೋಡಿ. ಗಂಟಲು ಬಿಗಿಯಾದರೆ ಶ್ರುತಿ ಇಳಿಸಿ, ಇಲ್ಲವೇ ಅದೇ ಅಕ್ಷರದ ಇನ್ನೊಂದು ಹಾಡಿಗೆ ಹೋಗಿ. ಸೋನು ನಿಗಮ್ ಹಾಡಿದವು ಕೇಳಲು ಮೆತ್ತಗಿರುತ್ತವೆ, ಹಾಡಲು ಕೂತಾಗ ಮೇಲಿನ ಸಾಲು ಸಿಗುವುದಿಲ್ಲ. ಎಷ್ಟೋ ಜನ ಅಲ್ಲೇ ಧೈರ್ಯ ಕಳೆದುಕೊಳ್ಳುತ್ತಾರೆ.

ಕರೋಕೆ ಆ್ಯಪ್‌ಗಳಲ್ಲಿ, ಮಿಕ್ಸರ್‌ಗಳಲ್ಲಿ ಶ್ರುತಿ ಏರಿಸುವ ಇಳಿಸುವ ಗುಂಡಿ ಇರುತ್ತದೆ. ಒಂದು ಸಲ ಒತ್ತಿದರೆ ಅರ್ಧ ಸ್ವರ. ಎರಡು ಮೂರು ಸಲದವರೆಗೆ ಸಂಗೀತ ಸಹಜವಾಗಿ ಕೇಳುತ್ತದೆ, ಅದಕ್ಕಿಂತ ಜಾಸ್ತಿ ಆದರೆ ವಾದ್ಯಗಳ ದನಿ ಕೆಡುತ್ತದೆ. ಗಂಡಸರ ಹಾಡನ್ನು ಹೆಂಗಸರು ಹಾಡುವಾಗ ನಾಲ್ಕೈದು ಅರ್ಧ ಸ್ವರ ಬದಲಿಸಬೇಕಾಗುತ್ತದೆ. ಆಗ ಗುಂಡಿ ಒತ್ತುವ ಬದಲು ಹೆಂಗಸರ ಶ್ರುತಿಗೆಂದೇ ಮಾಡಿದ ಟ್ರ್ಯಾಕ್ ಹುಡುಕುವುದು ಒಳ್ಳೆಯದು. ಭಜನೆಯ ರೂಢಿ ಇರುವ ಮನೆಗಳಲ್ಲಿ ಇದು ಇನ್ನೂ ಸುಲಭ. "ನನ್ನದು ಕಾಳಿ ಒಂದು", "ನಂದು ಕಾಳಿ ಐದು" ಅಂತ ಪೇಟಿಯ ಕಪ್ಪು ಮನೆಗಳ ಲೆಕ್ಕದಲ್ಲಿ ತಮ್ಮ ಶ್ರುತಿ ಗೊತ್ತಿರುವವರು ಇರುತ್ತಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಿಯ ಪ್ರತಿ ಹಾಡಿನ ಮುಂದೆ ಯಾರಿಗೆ ಹೊಂದುತ್ತದೆ ಅಂತ ಗುರುತು ಹಾಕಿಸಿ.

ಸಂಜೆ ಬಂದಾಗ

ಎಲ್ಲ ಟ್ರ್ಯಾಕ್‌ಗಳನ್ನೂ ಆ್ಯಪ್‌ನಲ್ಲಿ ಮೊದಲೇ ಡೌನ್‌ಲೋಡ್ ಮಾಡಿಡಿ. ಸ್ಪೀಕರನ್ನು ಪೂರ್ತಿ ಚಾರ್ಜ್ ಮಾಡಿ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಫೋನನ್ನು ಬ್ಲೂಟೂತ್ ಬದಲು ವೈರಿನಿಂದ ಜೋಡಿಸಿ. ಬ್ಲೂಟೂತ್‌ನಲ್ಲಿ ದನಿ ತುಸು ತಡವಾಗಿ ಬರುವುದುಂಟು. ಆಗ ಪರದೆಯ ಸಾಹಿತ್ಯ ಮುಂದೆ ಓಡುತ್ತದೆ, ಹಾಡುವವರಿಗೆ ತಾಳ ತಪ್ಪುತ್ತದೆ. ಮೈಕು ಹಿಡಿದವರು ಸ್ಪೀಕರಿನ ಮುಂದೆ ನಿಲ್ಲಬಾರದು, ಹಿಂದೆ ಅಥವಾ ಪಕ್ಕಕ್ಕೆ ನಿಲ್ಲಲಿ. ಇಲ್ಲದಿದ್ದರೆ ಕುಂಯ್ ಅಂತ ಕಿವಿ ಕೊರೆಯುತ್ತದೆ. ಎಕೋ ಗುಂಡಿಯನ್ನು ಕಾಲು ಭಾಗಕ್ಕಿಂತ ಜಾಸ್ತಿ ತಿರುಗಿಸಬೇಡಿ. ಪೂರ್ತಿ ತಿರುಗಿಸಿದರೆ ವಿಜಯಪುರದ ಗೋಲಗುಂಬಜಿನ ಗ್ಯಾಲರಿಯಲ್ಲಿ ನಿಂತು ಹಾಡಿದ ಹಾಗೆ ಒಂದು ಪದ ಏಳು ಸಲ ಬರುತ್ತದೆ, ಸಾಹಿತ್ಯ ಯಾರಿಗೂ ತಿಳಿಯುವುದಿಲ್ಲ.

ಚೀಟಿಗಳನ್ನು ಒಂದೇ ಸಲ ಎಲ್ಲರಿಗೂ ಹಂಚಿಬಿಡಿ. ಒಬ್ಬರು ಹಾಡುತ್ತಿರುವಾಗ ಉಳಿದವರು ಪಟ್ಟಿ ನೋಡಿ ತಮ್ಮ ಹಾಡು ಆರಿಸಿ ಗುನುಗುತ್ತಿರುತ್ತಾರೆ. ಒಂದು ಸಲ ಚೀಟಿ ಬದಲಿಸಲು ಬಿಡಿ, ಎರಡನೆಯ ಸಲ ಬೇಡ. ಸಂಕೋಚ ಇರುವವರಿಗೆ ಅದೇ ಅಕ್ಷರದ ಯುಗಳ ಗೀತೆ ಕೊಟ್ಟು ಜೊತೆಗೊಬ್ಬರನ್ನು ನಿಲ್ಲಿಸಿ. ಒಬ್ಬರೇ ಹಾಡಿ ಅಂತ ಒತ್ತಾಯ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಚಿಕ್ಕ ಮಕ್ಕಳಿಗೆ ಅವರ ಹೆಸರಿನ ಮೊದಲ ಅಕ್ಷರವನ್ನೇ ಕೊಡಿ, ತಕ್ಷಣ ಮುಂದೆ ಬರುತ್ತಾರೆ.

ಬೆಳಗಾವಿ ಕಡೆಯ ನೆಂಟರು ಬಂದಿದ್ದರೆ ಮರಾಠಿ ಹಾಡೂ ಬರುತ್ತದೆ, ಬರಲಿ. ಮರಾಠಿ, ಹಿಂದಿ, ಕನ್ನಡ ಮೂರಕ್ಕೂ ವರ್ಣಮಾಲೆಯ ಕ್ರಮ ಒಂದೇ ಥರ ಇರುವುದರಿಂದ ಅದೇ ಚೀಟಿ ನಡೆಯುತ್ತದೆ. ಎ, ಏ ಮತ್ತು ಒ, ಓ ಗಳಲ್ಲಿ ಮಾತ್ರ ಅವರಿಗೆ ಹ್ರಸ್ವ ದೀರ್ಘದ ಬೇರೆ ಅಕ್ಷರಗಳಿಲ್ಲ. ಅವರಿಗೆ ಯಾವುದು ಬಂದರೂ ಎರಡನ್ನೂ ಬಿಡಿ.

ರಾತ್ರಿ 10ಕ್ಕೆ ಸ್ಪೀಕರು ಬಂದ್ ಮಾಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವುದು ಕಾನೂನು. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದರೆ ಒಂಬತ್ತಕ್ಕೇ ನಿಲ್ಲಿಸಿ. ಡಬ್ಬಿಯಲ್ಲಿ ಚೀಟಿ ಉಳಿದಿದ್ದರೆ ಮೈಕಿಲ್ಲದೆ ಹಾಡಿ, ತತ್ವಪದಕ್ಕೂ ವಚನಕ್ಕೂ ಮೈಕು ಬೇಕಿಲ್ಲ.

ಮಲಗುವ ಮೊದಲು ಹತ್ತು ನಿಮಿಷ ಪಟ್ಟಿ ತೆಗೆದು ಕೂಡಿ. ಯಾರು ಯಾವ ಹಾಡು ಹಾಡಿದರು, ಶ್ರುತಿ ಎಷ್ಟು ಏರಿಸಿದಿರಿ ಅಥವಾ ಇಳಿಸಿದಿರಿ, ಯಾವ ಲಿಂಕ್ ಕೆಟ್ಟಿದೆ ಅಂತ ಆಯಾ ಸಾಲಿನ ಮುಂದೆ ಬರೆಯಿರಿ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಹಾಡನ್ನು ಯಾರಾದರೂ ನೆನಪಿನಿಂದ ಹೇಳಿದ್ದರೆ ಅದನ್ನು ಅವರ ಹೆಸರಿನ ಜೊತೆಗೇ ಅದರ ಅಕ್ಷರದ ಕೆಳಗೆ ಸೇರಿಸಿ.